ಇಂಜೆವಿಟಿ
ಅಮೆರಿಕದ ದಕ್ಷಿಣ ಕೆರೊಲಿನ ರಾಜ್ಯದ ನಾರ್ತ್ ಚಾರ್ಲ್ಸ್‌ಟನ್‌ನಲ್ಲಿ ಕೇಂದ್ರ ಕಚೇರಿಯಿರುವ ವಿಶಿಷ್ಟ ರಾಸಾಯನಿಕಗಳ ಕಂಪನಿ. ಪೈನ್ ಮರದಿಂದ ಕಾಗದ ತಯಾರಿಸುವಾಗ ಉಳಿಯುವ ಟಾಲ್ ಎಣ್ಣೆ ಮತ್ತು ಲಿಗ್ನಿನ್‌ಗಳ ಸಂಸ್ಕರಣೆಯೂ, ಮರದ ಹೊಟ್ಟಿನಿಂದ ಪಟುಗೊಳಿಸಿದ ಇಂಗಾಲದ ತಯಾರಿಕೆಯೂ ಇದರ ಮೂಲ ಕಸುಬು. 2016ರ ಮೇ ತಿಂಗಳಲ್ಲಿ ವೆಸ್ಟ್‌ರಾಕ್ ಎಂಬ ಕಾಗದ-ರಟ್ಟಿನ ಕಂಪನಿಯಿಂದ ಬೇರೆಯಾಗಿ ನ್ಯೂಯಾರ್ಕ್ ಷೇರುಪೇಟೆಗೆ ಬಂತು. ಹೆಸರು ಆಗಿನದು; ಕೆಲಸಕ್ಕೆ ಅದಕ್ಕಿಂತ ಹಲವು ದಶಕಗಳ ವಯಸ್ಸು. ವೆಸ್ಟ್ ವರ್ಜೀನಿಯ ಪಲ್ಪ್ ಅಂಡ್ ಪೇಪರ್ ಕಂಪನಿ 1937ರಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಕಾಗದದ ಗಿರಣಿ ತೆರೆದಿತ್ತು. ಅದೇ ಕಂಪನಿ ಮುಂದೆ ವೆಸ್ಟ್‌ವಾಕೊ ಆಯಿತು, 2002ರಲ್ಲಿ ಮೀಡ್ ಜೊತೆ ಸೇರಿ ಮೀಡ್‌ವೆಸ್ಟ್‌ವಾಕೊ ಆಯಿತು, 2015ರಲ್ಲಿ ರಾಕ್‌ಟೆನ್ ಜೊತೆ ಸೇರಿ ವೆಸ್ಟ್‌ರಾಕ್ ಆಯಿತು. ಗಿರಣಿಯ ಪಕ್ಕದಲ್ಲೇ ಬೆಳೆದ ರಾಸಾಯನಿಕ ಘಟಕ ಇಂಜೆವಿಟಿಯ ಪಾಲಿಗೆ ಬಂತು.

ಕಚ್ಚಾವಸ್ತು ಹುಟ್ಟುವುದು ಕ್ರಾಫ್ಟ್ ವಿಧಾನದಲ್ಲಿ. ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಹೆಚ್ಚಿನ ಒತ್ತಡದಲ್ಲಿ ಬೇಯಿಸಿದರೆ ನಾರನ್ನು ಹಿಡಿದಿಟ್ಟ ಲಿಗ್ನಿನ್ ಕರಗಿ, ತಿರುಳು ಬೇರೆಯಾಗುತ್ತದೆ. ಉಳಿಯುವುದು ಕಪ್ಪು ದ್ರಾವಣ. ಪೈನ್ ಮರದ ಕೊಬ್ಬಿನಾಮ್ಲಗಳೂ ರಾಳದ ಆಮ್ಲಗಳೂ ಕ್ಷಾರದೊಡನೆ ಕೂಡಿ ಅಷ್ಟರಲ್ಲಿ ಸಾಬೂನಾಗಿರುತ್ತವೆ. ದ್ರಾವಣವನ್ನು ಕಾಯಿಸಿ ಗಟ್ಟಿಮಾಡುತ್ತ ಹೋದಂತೆ ಈ ಸಾಬೂನು ಹಾಲಿನ ಕೆನೆಯಂತೆ ಮೇಲೆ ತೇಲುತ್ತದೆ, ಬಣ್ಣ ಮಾತ್ರ ಕಂದು. ಅದನ್ನು ತೆಗೆಯದೆ ಬಿಟ್ಟರೆ ಆವಿಯಾಗಿಸುವ ಯಂತ್ರಗಳ ಒಳಮೈಗೆ ಅಂಟಿಕೊಂಡು ಕಾಟ ಕೊಡುತ್ತದೆ. ಆದ್ದರಿಂದ ಗಿರಣಿಗೆ ಅದನ್ನು ಹೊರಹಾಕುವುದು ಹೇಗೂ ಅನಿವಾರ್ಯ. ಕೆನೆ ತೆಗೆದ ಸಾಬೂನಿಗೆ ಗಂಧಕಾಮ್ಲ ಬೆರೆಸಿದಾಗ ಗಂಧಕದ ಘಾಟಿರುವ, ದಟ್ಟ ಕಂದುಬಣ್ಣದ ಕಚ್ಚಾ ಟಾಲ್ ಎಣ್ಣೆ ಸಿಗುತ್ತದೆ. ಒಂದು ಟನ್ ಪೈನ್ ತಿರುಳಿಗೆ ಇದು ಸುಮಾರು 30ರಿಂದ 50 ಕಿಲೋ ಮಾತ್ರ.

ನಿರ್ವಾತದಲ್ಲಿ ಬಟ್ಟಿ ಇಳಿಸಿ ಇದರಿಂದ ಮುಖ್ಯವಾಗಿ ಕೊಬ್ಬಿನಾಮ್ಲವನ್ನೂ ರಾಳವನ್ನೂ ಬೇರ್ಪಡಿಸುತ್ತಾರೆ. ತಳದಲ್ಲಿ ಅಂಟು ಕೀಲು ಉಳಿಯುತ್ತದೆ. ಕೊಬ್ಬಿನಾಮ್ಲ ತೈಲಬಾವಿ ಕೊರೆಯುವಾಗ ಬಳಸುವ ದ್ರವಗಳಿಗೆ, ಕೀಲೆಣ್ಣೆಗಳಿಗೆ ಹೋಗುತ್ತದೆ. ರಾಳ ಮುದ್ರಣದ ಶಾಯಿಗೆ, ಅಂಟುಗಳಿಗೆ, ರಸ್ತೆಯ ಬಿಳಿ-ಹಳದಿ ಪಟ್ಟೆಗಳ ಬಣ್ಣಕ್ಕೆ ಬೇಕು. ಡಾಂಬರನ್ನು ಎಂದಿಗಿಂತ ಕಡಿಮೆ ಶಾಖದಲ್ಲೇ ಜಲ್ಲಿಯೊಡನೆ ಬೆರೆಸಲು ನೆರವಾಗುವ ಎವೋಥರ್ಮ್ ಕೂಡ ಇದೇ ಕಂಪನಿಯದು. ಲಿಗ್ನಿನ್‌ನಿಂದ ಬಟ್ಟೆಯ ಬಣ್ಣ ಮತ್ತು ಕೀಟನಾಶಕಗಳ ಕಣಗಳು ನೀರಿನಲ್ಲಿ ಗಂಟುಕಟ್ಟದಂತೆ ತಡೆಯುವ ವಸ್ತುಗಳು ತಯಾರಾಗುತ್ತಿದ್ದವು. ಬಿದಿರು, ನೀಲಗಿರಿಗಳನ್ನು ಅರೆದು ಕಾಗದ ಮಾಡಿದ ದಾಂಡೇಲಿಯಂಥ ಕಡೆ ಟಾಲ್ ಎಣ್ಣೆಯ ಉದ್ಯಮ ಹುಟ್ಟದಿದ್ದುದಕ್ಕೆ ಕಾರಣ ಸರಳ: ಆ ಗಿಡಗಳಲ್ಲಿ ರಾಳದ ಆಮ್ಲಗಳಿಲ್ಲ.

ಕಂಪನಿಯ ಇನ್ನೊಂದು ವಿಭಾಗ ಪಟುಗೊಳಿಸಿದ ಇಂಗಾಲದ್ದು. ಬಿಸಿಲಲ್ಲಿ ನಿಂತ ಕಾರಿನ ಟ್ಯಾಂಕಿನಿಂದ ಪೆಟ್ರೋಲ್ ಆವಿ ಏಳುತ್ತದೆ. ಅದು ಗಾಳಿಗೆ ಸೇರುವ ಮೊದಲು ಇಂಗಾಲದ ಹರಳುಗಳಿರುವ ಡಬ್ಬಿಯನ್ನು ಹಾಯಬೇಕು. ಹರಳಿನ ಸೂಕ್ಷ್ಮ ರಂಧ್ರಗಳು ಆವಿಯನ್ನು ಹಿಡಿದುಕೊಳ್ಳುತ್ತವೆ. ಎಂಜಿನ್ ಚಾಲೂ ಆದಾಗ ಒಳಗೆಳೆಯುವ ಗಾಳಿ ಆ ಆವಿಯನ್ನು ಬಿಡಿಸಿ ಉರಿಯಲು ಒಯ್ಯುತ್ತದೆ, ಡಬ್ಬಿ ಮತ್ತೆ ಖಾಲಿಯಾಗುತ್ತದೆ. ವರ್ಜೀನಿಯದ ಕೋವಿಂಗ್ಟನ್, ಜಾರ್ಜಿಯದ ವೇನ್ಸ್‌ಬರೊ, ಚೀನಾದ ಝುಹಾಯ್ ಮೊದಲಾದೆಡೆ ಇದರ ಘಟಕಗಳಿವೆ. ಆವಿಯ ಹೊರಸೂಸುವಿಕೆಯ ಮೇಲೆ ಸರ್ಕಾರಗಳು ಕಟ್ಟುನಿಟ್ಟು ಮಾಡಿದಷ್ಟೂ ಗಿರಾಕಿ ಹೆಚ್ಚು. ಕಂಪನಿಯ ಲಾಭದ ನಿಜವಾದ ಆಸರೆ ಇದೇ. ಇಂಥ ಡಬ್ಬಿಗಳ ಪೇಟೆಂಟ್ ವಿಚಾರದಲ್ಲಿ ಇಂಜೆವಿಟಿ ಬಿಎಎಸ್‌ಎಫ್ ಎಂಬ ರಾಸಾಯನಿಕ ಕಂಪನಿಯ ಮೇಲೆ ಹೂಡಿದ ದಾವೆ ಮಾತ್ರ ತಿರುಗುಬಾಣವಾಯಿತು. 2021ರಲ್ಲಿ ಡೆಲವೇರ್‌ನ ಜ್ಯೂರಿ ಇಂಜೆವಿಟಿಯೇ ಸ್ಪರ್ಧಾ ಕಾನೂನನ್ನು ಮೀರಿದೆಯೆಂದು ತೀರ್ಮಾನಿಸಿತು. 2.83 ಕೋಟಿ ಡಾಲರ್ ಪರಿಹಾರ ಕಾನೂನಿನಂತೆ ಮೂರು ಪಟ್ಟಾಯಿತು.

ಪೈನ್ ವ್ಯವಹಾರದ ತೊಡಕು ಅದರ ಮೂಲದಲ್ಲೇ ಇದೆ. ಟಾಲ್ ಎಣ್ಣೆಗೆ ಬೇಡಿಕೆ ಏರಿತೆಂದು ಯಾರೂ ಹೆಚ್ಚು ಕಾಗದ ಮಾಡುವುದಿಲ್ಲ. ಹೀಗಿರುವಾಗ ಯುರೋಪಿನ ಹಸಿರು ಇಂಧನ ನೀತಿ ಇದೇ ಎಣ್ಣೆಯನ್ನು ಡೀಸೆಲ್ ಮಾಡುವವರಿಗೆ ಉತ್ತೇಜನ ಕೊಟ್ಟಿತು. ಸ್ವೀಡನ್‌ನ ಪಿಟಿಯೊ, ಫಿನ್ಲೆಂಡಿನ ಲಪೇನ್‌ರಂಟಗಳಲ್ಲಿ ಅಂಥ ಕಾರ್ಖಾನೆಗಳು ಎದ್ದವು. ಇಂಜೆವಿಟಿ ಆ ಕಾಲದಲ್ಲಿ ಹಿಗ್ಗುತ್ತಲೇ ಇತ್ತು. 2018ರಲ್ಲಿ ಜಾರ್ಜಿಯ-ಪೆಸಿಫಿಕ್‌ನ ಪೈನ್ ರಾಸಾಯನಿಕ ವಿಭಾಗವನ್ನು 31.5 ಕೋಟಿ ಡಾಲರ್‌ಗೆ ಕೊಂಡಿತು, 2019ರಲ್ಲಿ ಪರ್ಸ್ಟಾರ್ಪ್‌ನ ಕ್ಯಾಪ್ರೊಲ್ಯಾಕ್ಟೋನ್ ಎಂಬ ರಾಸಾಯನಿಕದ ವ್ಯವಹಾರವನ್ನು, 2022ರಲ್ಲಿ ರಸ್ತೆ ಗುರುತಿನ ಬಣ್ಣ ಮಾಡುವ ಓಜಾರ್ಕ್ ಮೆಟೀರಿಯಲ್ಸನ್ನು ಸೇರಿಸಿಕೊಂಡಿತು.

ಕಚ್ಚಾ ಟಾಲ್ ಎಣ್ಣೆಯ ಬೆಲೆ ಗಗನಕ್ಕೇರಿ, ರಾಳ ಕೊಳ್ಳುವವರು ಅಗ್ಗದ ಬದಲಿಗಳತ್ತ ಹೊರಳಿದಾಗ ಲೆಕ್ಕ ತಪ್ಪಿತು. ಹಳೆಯ ಒಪ್ಪಂದದಂತೆ ಕೊಳ್ಳಲೇಬೇಕಿದ್ದ ಎಣ್ಣೆಯಲ್ಲಿ ಒಂದಷ್ಟನ್ನು ನಷ್ಟಕ್ಕೆ ಮರುಮಾರಾಟ ಮಾಡಬೇಕಾಯಿತು. 2023ರಲ್ಲಿ ನಾರ್ತ್ ಚಾರ್ಲ್ಸ್‌ಟನ್‌ನ ಕಾಗದದ ಗಿರಣಿಯನ್ನೇ ವೆಸ್ಟ್‌ರಾಕ್ ಮುಚ್ಚಿತು. ಅದೇ ವರ್ಷ ಲೂಸಿಯಾನದ ಡಿರಿಡರ್ ಘಟಕವನ್ನೂ, 2024ರಲ್ಲಿ ಆರ್ಕನ್ಸಾದ ಕ್ರಾಸೆಟ್ ಘಟಕವನ್ನೂ ಮುಚ್ಚುವುದಾಗಿ ಇಂಜೆವಿಟಿ ಪ್ರಕಟಿಸಿತು. ಕ್ರಾಸೆಟ್ ಬಂದದ್ದು ಜಾರ್ಜಿಯ-ಪೆಸಿಫಿಕ್ ಖರೀದಿಯೊಡನೆ. ಎಣ್ಣೆ ಕೊಳ್ಳಲೇಬೇಕೆಂಬ ಹಳೆಯ ಒಪ್ಪಂದದಿಂದ ಬಿಡಿಸಿಕೊಳ್ಳಲು 10 ಕೋಟಿ ಡಾಲರ್ ತೆರಲು ಒಪ್ಪಿತು. 2023ರಲ್ಲಿ ಸುಮಾರು 169 ಕೋಟಿ ಡಾಲರ್ ಇದ್ದ ವಹಿವಾಟು ಮರುವರ್ಷ ಸುಮಾರು 141 ಕೋಟಿಗೆ ಇಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ, ಉಳಿದಿದ್ದ ನಾರ್ತ್ ಚಾರ್ಲ್ಸ್‌ಟನ್ ಟಾಲ್ ಎಣ್ಣೆ ಸಂಸ್ಕರಣಾಗಾರವನ್ನೂ ಕೈಗಾರಿಕಾ ರಾಸಾಯನಿಕಗಳ ಬಹುಪಾಲನ್ನೂ ಮೇನ್‌ಸ್ಟ್ರೀಮ್ ಪೈನ್ ಪ್ರಾಡಕ್ಟ್ಸ್ ಎಂಬ ಕಂಪನಿಗೆ 11 ಕೋಟಿ ಡಾಲರ್‌ಗೆ ಮಾರುವ ಒಪ್ಪಂದ ಹೊರಬಿತ್ತು. ಇಂಗಾಲದ ವಿಭಾಗವನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡಿತು.