ಪರಭಾಷೆ ಕಲಿಸುವವರು: ಮೇಷ್ಟ್ರೋ, ಯಂತ್ರವೋ?

ಮ್ಯಾಕ್ಸಿಮಿಲಿಯನ್ ಬರ್ಲಿಟ್ಜ್ 1878ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಭಾಷಾಶಾಲೆ ತೆರೆದರು. ಅವರು ನೇಮಿಸಿಕೊಂಡ ಫ್ರೆಂಚ್ ಶಿಕ್ಷಕ ನಿಕೊಲಾಸ್ ಜೋಲಿಗೆ ಇಂಗ್ಲಿಷೇ ಬಾರದು. ಬರ್ಲಿಟ್ಜ್ ಕಾಯಿಲೆ ಬಿದ್ದಾಗ ಜೋಲಿ ವಸ್ತುಗಳನ್ನು ತೋರಿಸಿ, ಅಭಿನಯಿಸಿ ಪಾಠ ನಡೆಸಿದರು. ಬರ್ಲಿಟ್ಜ್ ಮರಳಿ ಬರುವಷ್ಟರಲ್ಲಿ ವಿದ್ಯಾರ್ಥಿಗಳು ಫ್ರೆಂಚಿನಲ್ಲೇ ಮಾತಾಡುತ್ತಿದ್ದರು ಎಂಬುದು ಆ ಸಂಸ್ಥೆ ಹೇಳುವ ಕಥೆ. ಅನುವಾದವಿಲ್ಲದ ‘ನೇರ ವಿಧಾನ’ವೇ ಮುಂದೆ ಅದರ ಗುರುತಾಯಿತು.

1990ರ ದಶಕದಲ್ಲಿ ಬಂದ ರೊಸೆಟಾ ಸ್ಟೋನ್ ತಂತ್ರಾಂಶವೂ ಅನುವಾದ ಬಿಟ್ಟು ಚಿತ್ರ, ಧ್ವನಿಗಳನ್ನೇ ನೆಚ್ಚಿತು. ನೂರು ಸಲ ತಪ್ಪಿದರೂ ಯಂತ್ರಕ್ಕೆ ಬೇಸರವಿಲ್ಲ. ತರಗತಿಯಲ್ಲಿ ಬಾಯಿ ಬಿಡಲು ನಾಚುವವರಿಗೆ ಇದು ದೊಡ್ಡ ಅನುಕೂಲ. ಆದರೆ ಜೋಲಿಯ ವಿದ್ಯಾರ್ಥಿಗಳಿಗೆ ಎದುರಿಗಿದ್ದ ಮನುಷ್ಯನಿಗೆ ಅರ್ಥವಾಗುವಂತೆ ಮಾತಾಡದೆ ಗತ್ಯಂತರವಿರಲಿಲ್ಲ. ಇಂದು ಯಂತ್ರವೂ ಮರುಮಾತಾಡುತ್ತದೆ, ನಿಜ. ಕಷ್ಟವಾದೊಡನೆ ಅದನ್ನು ಆರಿಸಿಬಿಡಬಹುದು. ಮೇಷ್ಟ್ರನ್ನು ಹಾಗೆ ಆರಿಸಲಾಗದು.