ಕಲ್ಲು, ಗೋಡೆ ಮತ್ತು ಊರಿನ ನೆನಪು

ದೇವಾಲಯದ ಒಳಗೋಡೆಗಳ ಮೇಲಿರುವ ಶಿಲುಬೆ ಹಾದಿಯ 14 ಚಿತ್ರಗಳನ್ನು ನೋಡಿಯೇ ನಮ್ಮ ಹಿರಿಯರಲ್ಲಿ ಅನೇಕರು ಪ್ರಭುವಿನ ಯಾತನೆಯ ಕಥೆಯನ್ನು ಕಲಿತರು. ಅಕ್ಷರ ಬಾರದವರಿಗೆ ಆ ಚಿತ್ರಗಳೇ ಗ್ರಂಥವಾಗಿದ್ದವು. ಹಾಗಾದರೆ ನಾವು ಬಾಳುತ್ತಿರುವ ಊರಿನ ಕಥೆಯನ್ನು ದಾರಿಹೋಕನಿಗೆ ತಿಳಿಸುವ ಚಿತ್ರ ಎಲ್ಲಿದೆ? ದೇವಾಲಯವೊಂದು ನೂರು ವರುಷಗಳನ್ನು ಪೂರೈಸಿದಾಗ ಅದರ ಸುತ್ತಣ ನೆಲದ ಚರಿತ್ರೆಯನ್ನೂ ಸ್ಮರಿಸುವುದು ಉಚಿತವೆಂದು ಭಾವಿಸಿ, ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳ ಸಾರ್ವಜನಿಕ ಕಲೆಯನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಈ ಭಾಗದ ಅತಿ ಪ್ರಾಚೀನ ಬೀದಿಯ ಕಲೆಯೆಂದರೆ ವೀರಗಲ್ಲುಗಳೇ ಸರಿ. ಇಂದು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ದಾಟಿ ನಡೆಯುವ ಬೇಗೂರು ಗಂಗರ ಕಾಲದಲ್ಲಿ ಬೆಂಪೂರು ಎಂಬ ಹೆಸರಿನ ಆಡಳಿತ ಕೇಂದ್ರವಾಗಿತ್ತು. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ಶಾಸನವು ‘ಬೆಂಗುಳೂರು ಕಾಳಗ’ದಲ್ಲಿ ಮಡಿದವರನ್ನು ನೆನೆಯುತ್ತದೆ. ನಮ್ಮ ನಗರದ ಹೆಸರು ದೊರೆಯುವ ಅತಿ ಹಳೆಯ ದಾಖಲೆಗಳಲ್ಲಿ ಅದು ಪ್ರಮುಖವಾದುದು. ಅದೇ ಊರಿನ ಮತ್ತೊಂದು ಶಿಲೆ ಇಂದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯ ಯುದ್ಧದಲ್ಲಿ ನಾಗತ್ತರನು ಹೋರಾಡಿ ಪ್ರಾಣ ಬಿಟ್ಟ ಪ್ರಸಂಗವನ್ನು ಶಿಲ್ಪಿಯು ಅದರ ಮೇಲೆ ಆನೆ, ಕುದುರೆ, ಯೋಧರ ಸಮೇತ ಕಡೆದಿದ್ದಾನೆ. ಅದರಲ್ಲಿ ಬೆಂಪೂರಿನ 12 ಹಳ್ಳಿಗಳ ವಿಷಯವೂ ಇದೆ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕಾಮಗಾರಿಯ ವೇಳೆ ಬೆಳಕಿಗೆ ಬಂದ ಕಿತ್ತಯ್ಯನ ಕಲ್ಲು ಇನ್ನೂ ಹಳೆಯದು. ಅದರ ಕಾಲ ಸುಮಾರು 750. ವೈಟ್‌ಫೀಲ್ಡ್ ಬಳಿಯ ಕಾಡುಗೋಡಿಯಲ್ಲಿ ರಾಜೇಂದ್ರ ಚೋಳನ ಕಾಲದ, 1043ರ ತಮಿಳು ಶಾಸನವೊಂದು ಕೆರೆಯ ನಿರ್ಮಾಣವನ್ನು ತಿಳಿಸುತ್ತದೆ. ಕನ್ನಡ, ತಮಿಳು ಎರಡೂ ಈ ಮಣ್ಣಿನಲ್ಲಿ ಸಾವಿರ ವರುಷಗಳಿಂದ ಜೊತೆಯಾಗಿ ಬಾಳಿವೆ ಎಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ. ಇವು ಅರಸರ ಅಂತಃಪುರಕ್ಕಾಗಿ ಕಡೆದವಲ್ಲ. ಊರವರೆಲ್ಲರೂ ಕಾಣುವಂತೆ, ಊರಿನವರದೇ ಹೆಸರು ಹೊತ್ತು ನಿಂತವು.

ಅನಂತರದ ಶತಮಾನಗಳಲ್ಲಿ ಇಲ್ಲಿಗೆ ಬಂದು ನೆಲೆಸಿದವರು ಹಲವರು. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು 3,900 ಎಕರೆ ಭೂಮಿಯನ್ನು ನೀಡಲು, ಡಿ. ಎಸ್. ವೈಟ್ ಅವರ ಮುಂದಾಳುತನದಲ್ಲಿ ಆಂಗ್ಲೋ-ಇಂಡಿಯನ್ನರ ವಸತಿಯು ವೈಟ್‌ಫೀಲ್ಡ್ ಎಂಬ ಹೆಸರು ಪಡೆಯಿತು. ಮನೆಗಳನ್ನು ವೃತ್ತಾಕಾರದಲ್ಲಿ ಕಟ್ಟಿದ ಆ ಊರಿನ ವಿನ್ಯಾಸವೇ ಒಂದು ಚಿತ್ರದಂತಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಜಾಲಹಳ್ಳಿಯ ಬಯಲಿನಲ್ಲಿ ಇರಿಸಲಾಗಿತ್ತು. ಅದೇ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ. ಕಾರ್ಖಾನೆಯು ಆರಂಭವಾಯಿತು, 1970ರ ದಶಕದಿಂದ ಪೀಣ್ಯದ ಸಣ್ಣ ಕೈಗಾರಿಕೆಗಳು ಬೆಳೆದವು. ಕೋಲಾರ, ತುಮಕೂರು, ಉತ್ತರ ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರಗಳಿಂದ ಬಂದ ದುಡಿಯುವ ಕೈಗಳು ಈ ಪ್ರದೇಶವನ್ನು ಕಟ್ಟಿದವು. ಇತ್ತೀಚೆಗೆ ಒಡಿಶಾ, ಬಿಹಾರಗಳವರೂ ಸೇರಿದ್ದಾರೆ. ಇವರಿಗೆಲ್ಲ ವೀರಗಲ್ಲನ್ನು ನೆಟ್ಟವರು ಯಾರು?

ನಗರದ ಗೋಡೆಗಳಿಗೆ ಚಿತ್ರ ಬರೆಸುವ ಕಾರ್ಯವನ್ನು ಮಹಾನಗರ ಪಾಲಿಕೆಯು 2009ರಲ್ಲಿ ಕೈಗೊಂಡಿತು. ಫ್ಲೆಕ್ಸ್ ಹಾಳೆಗಳು ಬಂದು ಕೆಲಸ ಕಳೆದುಕೊಂಡಿದ್ದ ಸಿನೆಮಾ ಬ್ಯಾನರ್ ಕಲಾವಿದರಿಗೆ ಇದರಿಂದ ಮತ್ತೆ ಕುಂಚ ಹಿಡಿಯುವ ಅವಕಾಶ ಒದಗಿತು. ಅವರ ಕೈಚಳಕವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಗೋಡೆಗಳ ಮೇಲೆ ಹೆಚ್ಚಾಗಿ ಮೂಡಿದ್ದು ಹಂಪೆಯ ರಥ, ಜೋಗದ ಧಾರೆ, ಯಕ್ಷಗಾನದ ವೇಷ, ಕಾಡಿನ ಹುಲಿ. ಇವು ನಾಡಿನ ಹೆಮ್ಮೆ ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ಗೋಡೆಯ ಹಿಂದಿನ ಕೆರೆ, ಸಂತೆ, ಕಾರ್ಖಾನೆ, ಅಲ್ಲಿ ಪಾಳಿ ಮುಗಿಸಿ ಬರುವ ತಾಯಂದಿರು ಚಿತ್ರದೊಳಗೆ ಬರಲಿಲ್ಲ. ಯಾವ ಬಡಾವಣೆಯ ಗೋಡೆಗಾದರೂ ಹೊಂದುವ ಚಿತ್ರವು ಆ ಬಡಾವಣೆಯ ಚರಿತ್ರೆಯಾಗಲಾರದು.

ಈ ಕೊರತೆಯನ್ನು ತುಂಬುವ ಪ್ರಯತ್ನವೊಂದು ಪೀಣ್ಯದಲ್ಲಿಯೇ ನಡೆಯಿತೆಂಬುದು ಸಮಾಧಾನದ ಸಂಗತಿ. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯ ಕೈಗಾರಿಕಾ ಪ್ರದೇಶದವರೆಗೆ ಮೆಟ್ರೋ ರೈಲು ಓಡತೊಡಗಿತು. ಬಳಿಕ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳೂ ಅಧ್ಯಾಪಕರೂ ಮೆಟ್ರೋ ನಿಗಮದ ಸಹಕಾರದಿಂದ ಪೀಣ್ಯ ನಿಲ್ದಾಣದ ಕಂಬ, ಗೋಡೆಗಳನ್ನು ಚಿತ್ರಶಾಲೆಯಾಗಿಸಿದರು. ಕಲೆಯನ್ನು ನೋಡಲು ಸಮಯವಿಲ್ಲದ ಕೆಲಸಗಾರನ ದಾರಿಗೇ ಕಲೆಯು ಬಂದು ನಿಂತಿತು. ಸುತ್ತಣ ಬದುಕನ್ನೂ ಜನರ ಅನುಭವಗಳನ್ನೂ ವಸ್ತುವಾಗಿಸಿಕೊಂಡ ಈ ವಿಧಾನವು ಅನುಕರಣೀಯವಾದುದು.

ಆದರೆ ಬಣ್ಣಕ್ಕೆ ಆಯುಷ್ಯ ಕಡಿಮೆ. ಮಳೆಗೆ ಮಾಸುತ್ತದೆ, ಭಿತ್ತಿಪತ್ರಗಳ ಅಡಿಯಲ್ಲಿ ಅಡಗುತ್ತದೆ. ಸಾವಿರ ವರುಷ ಬಾಳಿದ ಕಲ್ಲಿಗೂ ಕ್ಷೇಮವಿಲ್ಲ. ರಸ್ತೆ ಅಗಲವಾಗುವಾಗ, ನಿವೇಶನ ಸಮತಟ್ಟಾಗುವಾಗ ಅದು ಬರಿಯ ಬಂಡೆಯೆಂದು ಬುನಾದಿಗೆ ಸೇರಿಬಿಡುತ್ತದೆ. ಹೆಬ್ಬಾಳದ ಶಿಲೆಯು ಉಳಿದದ್ದು ಅದರ ಬೆಲೆಯನ್ನು ಬಲ್ಲ ಕೆಲವು ಆಸಕ್ತರಿಂದ ಮತ್ತು ಸ್ಥಳೀಯರ ಅಕ್ಕರೆಯಿಂದ. ಕಲ್ಲಾಗಲಿ ಚಿತ್ರವಾಗಲಿ ಉಳಿಯಬೇಕಾದರೆ, ಇದು ನಮ್ಮದು ಎನ್ನುವ ಜನ ಬೇಕು.

ಆದುದರಿಂದ ಪ್ರಿಯ ಭಕ್ತಾದಿಗಳಲ್ಲಿ ನಮ್ಮದೊಂದು ವಿನಂತಿ. ಶತಮಾನೋತ್ಸವಗಳ ನೆನಪಿಗೆ ಕಮಾನು, ಫಲಕಗಳನ್ನು ನಿಲ್ಲಿಸುವುದು ವಾಡಿಕೆ. ಅದರೊಂದಿಗೆ ಬೀದಿಗೆ ಮುಖಮಾಡಿದ ಆವರಣದ ಗೋಡೆಯನ್ನೂ ಗಮನಿಸೋಣ. ಮೊದಲು ಮನೆಮನೆಯ ಹಿರಿಯರ ಬಳಿ ಕುಳಿತು ಅವರ ನೆನಪುಗಳನ್ನು ಬರೆದಿಟ್ಟುಕೊಳ್ಳೋಣ. ಯಾವ ಊರಿನಿಂದ ಬಂದರು, ಯಾವ ಭಾಷೆಯಲ್ಲಿ ಪ್ರಾರ್ಥಿಸಿದರು, ನೆರೆಯ ಹಿಂದೂ, ಮುಸ್ಲಿಂ ಬಾಂಧವರು ಯಾವ ಕಷ್ಟದಲ್ಲಿ ಕೈಹಿಡಿದರು ಎಂಬುದನ್ನು ಕೇಳೋಣ. ಆ ಬಳಿಕ ಕಲಾವಿದನನ್ನು ಕರೆಯೋಣ. ಹಾಗೆ ಮೂಡಿದ ಚಿತ್ರದ ಮುಂದೆ ನಮ್ಮ ಮಕ್ಕಳು ನಿಂತು, ತಮ್ಮ ಅಜ್ಜಿಯನ್ನೂ ಪಕ್ಕದ ಮನೆಯವರ ಅಜ್ಜಿಯನ್ನೂ ಗುರುತಿಸುವಂತಾಗಲಿ ಎಂದು ಹಾರೈಸುತ್ತೇವೆ.