ಅಂಗಡಿಗೆ ವೆಬ್‌ಸೈಟ್, ಸಿಸಿಟಿವಿ, ಬಿಲ್ಲಿಂಗ್ ಬೇಕಾ? ಆನ್‌ಲೈನ್ ಡೈರೆಕ್ಟರಿ ನೋಡಿ ಕರೆ ಮಾಡೋ ಮುಂಚೆ ಇದನ್ನ ಓದಿ

ಬಿಲ್ಲಿಂಗ್ ಕಂಪ್ಯೂಟರ್ ಕೈಕೊಟ್ಟಾಗ, ಸಿಸಿಟಿವಿ ರೆಕಾರ್ಡ್ ಆಗ್ತಿಲ್ಲ ಅಂತ ಕಳ್ಳತನ ಆದ ಮೇಲೆ ಗೊತ್ತಾದಾಗ, ಅಥವಾ ಮಗಳು ಬಂದು ನಮ್ಮ ಅಂಗಡಿಗೂ ಒಂದು ವೆಬ್‌ಸೈಟ್ ಮಾಡಿಸೋಣ ಅಂದಾಗ ವ್ಯಾಪಾರಿಗಳಿಗೆ ಮೊದಲು ಬರೋ ಪ್ರಶ್ನೆ ಒಂದೇ: ಯಾರನ್ನ ಕರೆಯೋದು? ಮುಂಚೆ ಗೊತ್ತಿದ್ದ ಹುಡುಗ ಒಬ್ಬ ಇರ್ತಿದ್ದ, ಅವನು ಸಿಗಲಿಲ್ಲ ಅಂದ್ರೆ ಸಿಪಿಯು ಹೊತ್ಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ ಬಸ್ಸು ಹತ್ತಬೇಕಿತ್ತು. ಈಗ ಮೊಬೈಲಲ್ಲಿ ಹುಡುಕ್ತೀವಿ, ಹತ್ತು ಹೆಸರು ಬರುತ್ತೆ, ಮೇಲಿರೋ ನಂಬರ್‌ಗೆ ಕರೆ ಮಾಡ್ತೀವಿ.

ಮೇಲಿರೋದು ಒಳ್ಳೆಯದೇ ಇರಬೇಕು ಅನ್ನೋ ನಂಬಿಕೆಯಲ್ಲೇ ತೊಂದರೆ ಇರೋದು. ಆ ಹೆಸರು ಯಾಕೆ ಮೇಲೆ ಬಂತು, ಅದಕ್ಕೆ ದುಡ್ಡು ಯಾರು ಕೊಟ್ಟರು ಅಂತ ತಿಳ್ಕೊಂಡರೆ ಅರ್ಧ ಮೋಸ ತಪ್ಪುತ್ತೆ.

ದುಡ್ಡು ಯಾರ ಜೇಬಿಂದ?

ಜಸ್ಟ್‌ಡಯಲ್ ಎಲ್ಲರಿಗೂ ಗೊತ್ತು. 1996ರಲ್ಲಿ ವಿ.ಎಸ್.ಎಸ್. ಮಣಿ ಅವರು ಮುಂಬೈಯಲ್ಲಿ ಶುರು ಮಾಡಿದಾಗ ಅದು ಫೋನ್ ಸೇವೆ. ಕರೆ ಮಾಡಿದರೆ ಅಂಗಡಿ ನಂಬರ್ ಹೇಳ್ತಿದ್ದರು. ಆಮೇಲೆ ಇಂಟರ್‌ನೆಟ್‌ಗೆ ಬಂತು, 2021ರಲ್ಲಿ ರಿಲಯನ್ಸ್ ರೀಟೇಲ್ ಕೈಗೆ ಹೋಯ್ತು. ಹುಡುಕೋರಿಗೆ ಇಲ್ಲಿ ಖರ್ಚಿಲ್ಲ. ಅಂಗಡಿಯವರೂ ಉಚಿತವಾಗಿ ಹೆಸರು ಸೇರಿಸಬಹುದು. ಆದರೆ ಪ್ಯಾಕೇಜ್ ತಗೊಂಡವರಿಗೆ ಪಟ್ಟಿಯಲ್ಲಿ ಆದ್ಯತೆ, ಕಂಪನಿಯ ಆದಾಯ ಬರೋದೇ ಅಲ್ಲಿಂದ. ನೀವು 'ಸಿಸಿಟಿವಿ ಬೇಕು' ಅಂತ ವಿವರ ತುಂಬಿದ ಕೂಡಲೇ ನಿಮ್ಮ ನಂಬರ್ ಒಬ್ಬರಿಗಲ್ಲ, ಹಲವರಿಗೆ ಹೋಗುತ್ತೆ. ಐದು ನಿಮಿಷದಲ್ಲಿ ನಾಲ್ಕು ಕರೆ ಬಂತು ಅಂತ ಗಾಬರಿ ಆಗಬೇಡಿ, ಅದರ ವ್ಯವಸ್ಥೆಯೇ ಹಾಗೆ.

ಇಂಡಿಯಾಮಾರ್ಟ್ ಕೂಡ 1996ರದ್ದೇ. ಅದು ಹೆಚ್ಚಾಗಿ ಸಗಟು ವ್ಯವಹಾರಕ್ಕೆ. ಬಾರ್‌ಕೋಡ್ ಪ್ರಿಂಟರ್, ತೂಕದ ಯಂತ್ರ, ಬಿಲ್ಲಿಂಗ್ ಮಷಿನ್ ಹುಡುಕೋರು ಇಲ್ಲಿಗೆ ಹೋಗ್ತಾರೆ. ಇಲ್ಲಿ ನಿಮ್ಮ ವಿಚಾರಣೆಯನ್ನ 'ಲೀಡ್' ಅಂತಾರೆ, ಅದನ್ನ ಮಾರಾಟಗಾರರು ದುಡ್ಡು ಕೊಟ್ಟು ಕೊಳ್ತಾರೆ. ಕೊಂಡವನು ಆ ಖರ್ಚನ್ನ ಎಲ್ಲೋ ಒಂದು ಕಡೆ ವಸೂಲಿ ಮಾಡಲೇಬೇಕಲ್ಲ? ಅದಕ್ಕೇ ಮೊದಲು ಹೇಳೋ ರೇಟು ಕೊನೆ ರೇಟು ಅಂದ್ಕೋಬೇಡಿ.

ಗೂಗಲ್ ಮ್ಯಾಪ್ ಲೆಕ್ಕ ಬೇರೆ. 'ಪ್ರಾಯೋಜಿತ' ಅಂತ ಇದ್ದರೆ ಅದು ಜಾಹೀರಾತು. ಅದರ ಕೆಳಗಿನ ಹೆಸರುಗಳು ನೀವು ಹುಡುಕಿದ್ದಕ್ಕೆ ಎಷ್ಟು ಹೊಂದುತ್ತೆ, ಎಷ್ಟು ದೂರ, ಎಷ್ಟು ಹೆಸರುವಾಸಿ ಅನ್ನೋದರ ಮೇಲೆ ಬರುತ್ತವೆ. ಆ ಜಾಗ ದುಡ್ಡಿಗೆ ಸಿಗಲ್ಲ ಅಂತ ಗೂಗಲ್ ಹೇಳುತ್ತೆ. ತಾಲೂಕು ಮಟ್ಟದಲ್ಲಿ ರಿಪೇರಿಯವರನ್ನ ಹುಡುಕೋಕೆ ನನ್ನ ಪ್ರಕಾರ ಇದೇ ಮೇಲು. ಯಾಕಂದ್ರೆ ಅಂಗಡಿ ಎಲ್ಲಿದೆ ಅಂತ ಕಾಣುತ್ತೆ, ನಡ್ಕೊಂಡು ಹೋಗಿ ನೋಡಬಹುದು.

ಇನ್ನು ಅಪ್‌ವರ್ಕ್, ಫೈವರ್, ಫ್ರೀಲ್ಯಾನ್ಸರ್ ಥರದವು. ಲೋಗೋ, ವೆಬ್‌ಸೈಟ್, ಫೋಟೋ ತಿದ್ದೋ ಕೆಲಸವನ್ನ ಜಗತ್ತಿನ ಯಾವ ಮೂಲೆಯಲ್ಲಿ ಇರೋರಿಂದಲೂ ಇಲ್ಲಿ ಮಾಡಿಸಬಹುದು. ದುಡ್ಡು ನೇರವಾಗಿ ಅವನ ಕೈಗೆ ಹೋಗಲ್ಲ, ನಡುವಿನ ಕಂಪನಿ ಹಿಡಿದಿಟ್ಟುಕೊಂಡು ಕೆಲಸ ಮುಗಿದ ಮೇಲೆ ಕೊಡುತ್ತೆ. ಇದು ಒಳ್ಳೆ ವ್ಯವಸ್ಥೆ. ಫೈವರ್‌ನಲ್ಲಿ ಕೆಲಸ ಮಾಡಿದವನಿಗೆ 100 ರೂಪಾಯಿಗೆ 80 ಸಿಗುತ್ತೆ, 20 ಕಂಪನಿಗೆ. ಹೊರಗಡೆ ವ್ಯವಹಾರ ಮಾಡೋಣ, ಕಮಿಷನ್ ಉಳಿಯುತ್ತೆ ಅಂತ ಅವನು ಹೇಳಬಹುದು. ಒಪ್ಪಿದರೆ ಆ ರಕ್ಷಣೆಯೂ ಹೋಯ್ತು.

ಬಂದವನು ಯಾರು ಅಂತ ನೋಡೋದು

ದೊಡ್ಡ ಮೊತ್ತದ ಕೆಲಸ ಆದ್ರೆ ಜಿಎಸ್‌ಟಿ ನಂಬರ್ ಕೇಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಆ ನಂಬರ್ ಹಾಕಿ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯಾ ಅಂತ ನೋಡಬಹುದು. ಕರ್ನಾಟಕದ ನಂಬರ್ ಆದ್ರೆ 29ರಿಂದ ಶುರುವಾಗುತ್ತೆ. ಹಾಗಂತ ಜಿಎಸ್‌ಟಿ ಇಲ್ಲದವನು ಕಳ್ಳ ಅಲ್ಲ. ಸೇವೆ ಕೊಡೋರಿಗೆ ಸಾಮಾನ್ಯವಾಗಿ ವರ್ಷಕ್ಕೆ 20 ಲಕ್ಷದ ವಹಿವಾಟು ದಾಟೋವರೆಗೂ ನೋಂದಣಿ ಕಡ್ಡಾಯ ಇಲ್ಲ. ನಮ್ಮ ತಾಲೂಕಿನ ರಿಪೇರಿ ಹುಡುಗರಲ್ಲಿ ಎಷ್ಟು ಜನ 20 ಲಕ್ಷ ನೋಡಿರ್ತಾರೆ ಹೇಳಿ.

ಸ್ಟಾರ್ ನೋಡಿ ಮರುಳಾಗಬೇಡಿ. ಆನ್‌ಲೈನ್ ವಿಮರ್ಶೆಗಳಿಗೆ ಬಿಐಎಸ್ 2022ರಲ್ಲಿ ಐಎಸ್ 19000 ಅನ್ನೋ ಮಾನದಂಡ ತಂದಾಗ ಅದನ್ನ ಸ್ವಯಂಪ್ರೇರಿತ ಅಂತಲೇ ತಂದಿದ್ದು. 5 ಸ್ಟಾರ್ ಕೊಟ್ಟು 'ಸೂಪರ್' ಅಂತ ಬರೆದಿದ್ದನ್ನ ಬಿಟ್ಟು 2, 3 ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ ಓದಿ. 'ಕೆಲಸ ಚೆನ್ನಾಗಿ ಮಾಡ್ತಾನೆ, ಆದರೆ ಹೇಳಿದ ದಿನ ಬರಲ್ಲ' ಅನ್ನೋ ಥರದ ಮಾತು ಅಲ್ಲಿ ಸಿಗುತ್ತೆ. ಇಪ್ಪತ್ತು ವಿಮರ್ಶೆ ಒಂದೇ ವಾರದಲ್ಲಿ ಬಂದಿದ್ದರೆ ಅನುಮಾನ ಇರಲಿ. ಎಲ್ಲಕ್ಕಿಂತ ಮೇಲು ಅಂದ್ರೆ ಅವನು ಈಗಾಗಲೇ ಕೆಲಸ ಮಾಡಿರೋ ಎರಡು ಅಂಗಡಿ ಹೆಸರು ಕೇಳಿ, ಸಂತೆ ದಿನ ಬಿಟ್ಟು ಬೇರೆ ದಿನ ಹೋಗಿ ವಿಚಾರಿಸೋದು. ವರ್ತಕರ ವಾಟ್ಸಾಪ್ ಗ್ರೂಪಲ್ಲಿ ಕೇಳಿದರೂ ಆಯ್ತು, ಅಲ್ಲಿ ಯಾರೂ ಸ್ಟಾರ್ ಕೊಡಲ್ಲ, ಇದ್ದಿದ್ದು ಇದ್ದಂಗೆ ಹೇಳ್ತಾರೆ.

ಬೀಗದ ಕೈ ನಿಮ್ಮ ಹತ್ರ ಇರಲಿ

ಕೆಲಸ ಕೆಟ್ಟದಾಗಿ ಮಾಡಿದರೆ ಇನ್ನೊಬ್ಬನಿಂದ ಸರಿ ಮಾಡಿಸಬಹುದು. ಆದರೆ ಎಲ್ಲಾ ಅವನ ಹೆಸರಲ್ಲೇ ಇದ್ದರೆ? ವೆಬ್‌ಸೈಟ್ ಮಾಡಿಸೋರಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲಿ.

ವೆಬ್‌ಸೈಟ್ ವಿಳಾಸಕ್ಕೆ ಡೊಮೇನ್ ಅಂತಾರೆ. ಅದು ಖರೀದಿ ಅಲ್ಲ, ಒಂಥರಾ ಬಾಡಿಗೆ. ಅವಧಿ ಮುಗಿಯೋದರೊಳಗೆ ನವೀಕರಿಸದಿದ್ದರೆ ಕೈತಪ್ಪಿ ಯಾರು ಬೇಕಾದರೂ ತಗೋಬಹುದು. ಡಾಟ್ ಇನ್ ವಿಳಾಸಗಳ ಮೇಲ್ವಿಚಾರಣೆ ನಿಕ್ಸಿ ಅನ್ನೋ ಸಂಸ್ಥೆಯದ್ದು. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ವಿಳಾಸವೂ ಇದೆ. ಯಾವುದೇ ತಗೊಳ್ಳಿ, ನೋಂದಣಿ ನಿಮ್ಮ ಹೆಸರು, ನಿಮ್ಮ ಇ-ಮೇಲ್, ನಿಮ್ಮ ಮೊಬೈಲ್ ನಂಬರಲ್ಲಿ ಇರಲಿ. ವೆಬ್‌ಸೈಟ್ ಮಾಡಿದವನು ತನ್ನ ಇ-ಮೇಲ್ ಹಾಕಿ ಆಮೇಲೆ ಫೋನ್ ಎತ್ತದೇ ಹೋದರೆ, ನಿಮ್ಮ ಅಂಗಡಿ ಹೆಸರಿನ ವಿಳಾಸ ಅವನ ಕೈಯಲ್ಲಿ. ಬ್ಯಾಗಿನ ಮೇಲೆ, ಬಿಲ್ಲಿನ ಮೇಲೆ, ಬೋರ್ಡಿನ ಮೇಲೆ ಅಚ್ಚು ಹಾಕಿಸಿದ್ದೆಲ್ಲಾ ದಂಡ.

ಇದೇ ಮಾತು ಬೇರೆಯದಕ್ಕೂ. ಗೂಗಲ್ ಪ್ರೊಫೈಲಲ್ಲಿ ಮಾಲೀಕ, ಮ್ಯಾನೇಜರ್ ಅಂತ ಎರಡು ಸ್ಥಾನ ಇರುತ್ತೆ. ಮಾಡಿಕೊಟ್ಟವನಿಗೆ ಮ್ಯಾನೇಜರ್ ಸಾಕು, ಮಾಲೀಕ ನೀವಾಗಿರಿ. ಟ್ಯಾಲಿ ಲೈಸೆನ್ಸ್ ಒಂದು ಇ-ಮೇಲ್‌ಗೆ ಜೋಡಣೆ ಆಗಿರುತ್ತೆ, ಅದು ನಿಮ್ಮದಾ ಅಂತ ನೋಡ್ಕೊಳ್ಳಿ. ಡೇಟಾ ಬ್ಯಾಕಪ್ ಪೆನ್‌ಡ್ರೈವಲ್ಲಿ ಮನೇಲಿ ಇರಲಿ. ಸಿಸಿಟಿವಿ ಹಾಕಿ ಹೋದವನು ಇಟ್ಟ ಪಾಸ್‌ವರ್ಡ್ ಅವತ್ತೇ ಬದಲಾಯಿಸಿ. ಅದನ್ನ ಬಿಟ್ಟರೆ ನಿಮ್ಮ ಗಲ್ಲಾ ಪೆಟ್ಟಿಗೆಯನ್ನ ಅವನು ಮನೇಲಿ ಕೂತು ನೋಡಬಹುದು.

ಉಚಿತವಾಗಿ ಸಿಕ್ಕಿದ್ದೂ ಶಾಶ್ವತ ಅಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆಗೆ ಒಂದು ಪುಟದ ವೆಬ್‌ಸೈಟ್ ಬಿಟ್ಟಿಯಾಗಿ ಕೊಡ್ತಿದ್ದರು, 2024ರ ಮಾರ್ಚ್‌ನಲ್ಲಿ ನಿಲ್ಲಿಸಿಬಿಟ್ಟರು.

ಮೋಸ ಆದರೆ

ಇಂಟರ್‌ನೆಟ್‌ನಲ್ಲಿ ಕಸ್ಟಮರ್ ಕೇರ್ ಅಂತ ಹುಡುಕಿ ಸಿಕ್ಕ ನಂಬರ್‌ಗೆ ಕರೆ ಮಾಡೋದು ಅಪಾಯ, ನಕಲಿ ನಂಬರ್ ಹಾಕೋರು ಬೇಕಾದಷ್ಟು ಜನ ಇದ್ದಾರೆ. ನಂಬರನ್ನ ಯಂತ್ರದ ಡಬ್ಬಿ ಮೇಲೆ ಅಥವಾ ಬಿಲ್ಲಿನ ಮೇಲೆ ನೋಡಿ. ಫೋನಲ್ಲೇ ಸರಿ ಮಾಡ್ತೀನಿ, ಎನಿಡೆಸ್ಕ್ ಹಾಕ್ಕೊಳ್ಳಿ ಅಂತ ಗೊತ್ತಿಲ್ಲದವನು ಹೇಳಿದರೆ ಬೇಡ ಅನ್ನಿ. ಈ ಆ್ಯಪ್ ಬಳಸಿ ಖಾತೆಗೆ ಕೈ ಹಾಕ್ತಿದ್ದಾರೆ ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಅಡ್ವಾನ್ಸ್ ವಾಪಸ್ ಕೊಡ್ತೀನಿ, ಯುಪಿಐ ಪಿನ್ ಹಾಕಿ ಅಂದರೂ ಅಷ್ಟೇ. ದುಡ್ಡು ಬರೋಕೆ ಪಿನ್ ಬೇಕಿಲ್ಲ.

ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹೋಗೋ ಮುಂಚೆ ತಡೆಹಿಡಿಯೋ ಸಾಧ್ಯತೆ ಜಾಸ್ತಿ. ಮೋಸ ಅಲ್ಲ, ಕೆಲಸ ಸರಿ ಇಲ್ಲ ಅಂತಾದರೆ ಗ್ರಾಹಕ ಸಹಾಯವಾಣಿ 1915. ಇಲ್ಲೊಂದು ವಿಷಯ ವ್ಯಾಪಾರಿಗಳು ತಿಳ್ಕೋಬೇಕು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಸೇವೆ ತಗೊಂಡವರು ಗ್ರಾಹಕರ ಪಟ್ಟಿಗೆ ಬರಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆ ಅಂಗಡಿ ನಡೆಸೋರಿಗೆ ವಿನಾಯಿತಿ ಇದೆ. ಅದನ್ನ ತೋರಿಸೋಕೆ ಬಿಲ್ಲು, ಕೊಟೇಶನ್, ವಾಟ್ಸಾಪ್ ಮಾತುಕತೆ ಎಲ್ಲಾ ಇಟ್ಕೊಂಡಿರಿ. ಬಾಯಿ ಮಾತಿಗೆ ಅಲ್ಲಿ ಬೆಲೆ ಇಲ್ಲ.

ನಮ್ಮ ಹುಡುಗರಿಗೆ ಎರಡು ಮಾತು

ತಾಲೂಕಲ್ಲೇ ಕಂಪ್ಯೂಟರ್ ರಿಪೇರಿ, ಸಿಸಿಟಿವಿ, ವೆಬ್‌ಸೈಟ್ ಕೆಲಸ ಮಾಡೋ ಹುಡುಗರು ಎಷ್ಟೋ ಜನ ಯಾವ ಪಟ್ಟಿಯಲ್ಲೂ ಇಲ್ಲ. ಅದಕ್ಕೇ ಇಲ್ಲಿನ ಕೆಲಸ ಜಿಲ್ಲಾ ಕೇಂದ್ರದವರ ಪಾಲಾಗ್ತಿದೆ. ಗೂಗಲ್ ಪ್ರೊಫೈಲ್‌ಗೆ ಅಂಗಡಿ ಇರಲೇಬೇಕು ಅಂತಿಲ್ಲ. ಗಿರಾಕಿ ಇರೋ ಜಾಗಕ್ಕೆ ಹೋಗಿ ಕೆಲಸ ಮಾಡೋರು ಮನೆ ವಿಳಾಸ ತೋರಿಸದೆ ಯಾವ ಊರುಗಳಿಗೆ ಬರ್ತೀವಿ ಅಂತ ಮಾತ್ರ ಹಾಕಬಹುದು. ಪರಿಶೀಲನೆಗೆ ಈಗ ಹೆಚ್ಚಾಗಿ ವಿಡಿಯೋ ಕೇಳ್ತಾರೆ, ಟೂಲ್ಸ್, ವಿಸಿಟಿಂಗ್ ಕಾರ್ಡ್ ತಯಾರು ಇಟ್ಕೊಳ್ಳಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. 'ಗೂಗಲ್‌ನಿಂದ ಮಾತಾಡ್ತಿದೀವಿ, ಪ್ರೊಫೈಲ್ ಬಂದ್ ಆಗುತ್ತೆ, ದುಡ್ಡು ಹಾಕಿ' ಅಂದರೆ ಫೋನ್ ಇಡಿ. ಉದ್ಯಮ್ ನೋಂದಣಿಯೂ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ. ಫೀಸು ಕೇಳೋದು ಅದರ ಥರಾನೇ ಕಾಣೋ ಖಾಸಗಿ ಪುಟಗಳು.

ಪ್ರೊಫೈಲ್ ಹೆಸರಿನ ಜಾಗದಲ್ಲಿ 'ಬೆಸ್ಟ್ ಸಿಸಿಟಿವಿ ಲ್ಯಾಪ್‌ಟಾಪ್ ಸರ್ವಿಸ್ ಕಡಿಮೆ ದರ' ಅಂತೆಲ್ಲಾ ತುಂಬಬೇಡಿ, ಗೂಗಲ್ ಅದನ್ನ ಅಮಾನತಿನಲ್ಲಿ ಇಡಬಹುದು. ಬೋರ್ಡಿನ ಮೇಲೆ, ಇಲ್ಲಾ ಕಾರ್ಡಿನ ಮೇಲೆ ಇರೋ ಹೆಸರನ್ನೇ ಹಾಕಿ. ಯಾವ ಹೋಬಳಿವರೆಗೂ ಬರ್ತೀರಿ, ಬಂದು ನೋಡೋಕೆ ಎಷ್ಟು ತಗೊಳ್ತೀರಿ ಅನ್ನೋದನ್ನ ವಿವರದಲ್ಲಿ ಕನ್ನಡದಲ್ಲೇ ಬರೀರಿ, ಜನ ಮೊದಲು ಕೇಳೋದೇ ಅದನ್ನ.